ಗುರುತ್ವಾಕರ್ಷಣ: ಆಡುವ ಮಾತಿನಲ್ಲಿ ಮತ್ತು ಶಾಸ್ತ್ರದಲ್ಲಿ

ನಮ್ಮ ವಾಚನಾಲಯದಲ್ಲಿ ಸಂಜೆಯ ಹೊತ್ತು ವರ್ತಮಾನಪತ್ರಿಕೆಯ ಸರದಿಗಾಗಿ ಕಾಯುವ ಮಿತ್ರರು ನಡುನಡುವೆ ನಾಲ್ಕು ಮಾತು ಆಡಿಕೊಳ್ಳುವುದು ವಾಡಿಕೆ. ಮೊನ್ನೆ ಅಂಥ ಒಂದು ಮಾತು ದೊಡ್ಡ ಚರ್ಚೆಗೆ ತಿರುಗಿತು. ಕಟ್ಟಡದ ಕೆಲಸದಲ್ಲಿರುವ ನಮ್ಮ ಸದಸ್ಯರೊಬ್ಬರು ತಮ್ಮ ಕೆಲಸದ ಜಾಗದಲ್ಲಿ ನಡೆದುದನ್ನು ಹೇಳಿದರು. ಆರನೆಯ ಮಾಳಿಗೆಯ ಸಾರವೆಯಿಂದ ಒಂದು ಕಬ್ಬಿಣದ ನಟ್ಟು ಜಾರಿ ಬಿತ್ತಂತೆ. ಕೆಳಗೆ ನಿಂತಿದ್ದ ಹುಡುಗನ ಹೆಗಲಿನ ಮೂಳೆ ಮುರಿಯಿತಂತೆ. "ತಲೆಗೆ ಬೀಳಲಿಲ್ಲ, ಅಷ್ಟೇ ಪುಣ್ಯ. ಮುಕಾದಮನನ್ನು ಕೇಳಿದರೆ, ಇಷ್ಟು ಸಣ್ಣ ನಟ್ಟಿನಿಂದ ಏನಾದೀತು ಎಂದುಕೊಂಡಿದ್ದೆ ಎನ್ನುತ್ತಾನೆ" ಎಂದರು.

ಕಚೇರಿಯಲ್ಲಿ ಕಾರಕೂನರಾಗಿರುವ ಇನ್ನೊಬ್ಬರು, "ಅವನ ಮಾತಿನಲ್ಲಿ ತಪ್ಪೇನಿದೆ? ಭಾರವಾದದ್ದು ಜೋರಾಗಿ ಬೀಳುತ್ತದೆ, ಹಗುರವಾದದ್ದು ಮೆಲ್ಲಗೆ ಬೀಳುತ್ತದೆ. ಲೋಕವೆಲ್ಲ ಕಂಡದ್ದೇ" ಎಂದರು. ರಾತ್ರಿಶಾಲೆಗೆ ಹೋಗುವ ತರುಣನೊಬ್ಬ ತಲೆ ಎತ್ತಿ, "ಇಲ್ಲ ರಾಯರೇ, ಎಲ್ಲವೂ ಒಂದೇ ಸಮನೆ ಬೀಳುತ್ತವೆ ಎಂದು ನಮ್ಮ ಪುಸ್ತಕದಲ್ಲಿದೆ. ಅದಕ್ಕೆ ಗುರುತ್ವಾಕರ್ಷಣ ಕಾರಣ" ಎಂದನು. ಆಗ ಮೊದಲಿನವರು ನಕ್ಕು, "ಹಾಗಾದರೆ ತಮ್ಮಾ, ನಾನು ದಿನವೂ ಹೊರುವ ಸಿಮೆಂಟಿನ ಚೀಲದ ಭಾರವೂ ಸುಳ್ಳೇನು?" ಎಂದು ಕೇಳಿದರು. ಒಬ್ಬರಿಗೂ ಒಡನೆ ಉತ್ತರ ಹೊಳೆಯಲಿಲ್ಲ. ಉತ್ತರ ಹುಡುಕುವ ಪ್ರಯತ್ನವೇ ಈ ಲೇಖನ.

ಒಂದು ಶಬ್ದ, ಹಲವು ಅರ್ಥ

ಮೊದಲು ಶಬ್ದವನ್ನೇ ಬಿಡಿಸಿ ನೋಡೋಣ. ಗುರುತ್ವಾಕರ್ಷಣ ಎಂದರೆ ಗುರುತ್ವದ ಆಕರ್ಷಣ. ಗುರು ಎಂದರೆ ಭಾರವಾದದ್ದು. ಲಘು ಎಂದರೆ ಹಗುರವಾದದ್ದು. ಶಾಲೆಯಲ್ಲಿ ಛಂದಸ್ಸು ಕಲಿತವರಿಗೆ ಈ ಜೋಡಿಯ ನೆನಪಿರಬೇಕು: ಎರಡು ಮಾತ್ರೆಯ ಅಕ್ಷರ ಗುರು, ಒಂದು ಮಾತ್ರೆಯದು ಲಘು. ವಿದ್ಯೆ ಕಲಿಸುವವರನ್ನು ಗುರು ಎನ್ನುವುದೂ ಅರಿವಿನಿಂದ ಅವರಿಗೆ ಬಂದ ತೂಕಕ್ಕಾಗಿಯೇ. ಗೌರವ ಎಂಬ ಶಬ್ದವೂ ಈ ಗುರುವಿನಿಂದಲೇ ಹುಟ್ಟಿದ್ದು. ಅದರ ಮೂಲ ಅರ್ಥವೂ ಭಾರವೇ.

ಇಂಗ್ಲಿಷಿನ ಗ್ರ್ಯಾವಿಟಿ ಎಂಬ ಶಬ್ದ ಲ್ಯಾಟಿನ್ ಭಾಷೆಯ ಗ್ರಾವಿಸ್ ಎಂಬುದರಿಂದ ಬಂದಿದೆ. ಅದರ ಅರ್ಥವೂ ಭಾರವಾದದ್ದು ಎಂದೇ. ಗ್ರಾವಿಸ್ ಮತ್ತು ಗುರು ಒಂದೇ ಬೇರಿನಿಂದ ಒಡೆದ ದಾಯಾದಿ ಶಬ್ದಗಳೆಂದು ಭಾಷಾಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಇಂಗ್ಲಿಷಿನಲ್ಲಿ ಗಂಭೀರ ಮನುಷ್ಯನ ಗಾಂಭೀರ್ಯಕ್ಕೂ ಗ್ರ್ಯಾವಿಟಿ ಎನ್ನುತ್ತಾರೆ. ನಾವೂ ತೂಕದ ಮನುಷ್ಯ, ತೂಕದ ಮಾತು ಎನ್ನುತ್ತೇವೆ. ನಮ್ಮ ಮಕ್ಕಳು ಕಲಿಯುವ ಹಿಂದಿ, ಮರಾಠಿ, ತೆಲುಗು ಪುಸ್ತಕಗಳಲ್ಲಿಯೂ ಇದೇ ಗುರುತ್ವಾಕರ್ಷಣ ಎಂಬ ಶಬ್ದವಿದೆ. ಆದುದರಿಂದ ಊರು ಬಿಟ್ಟು ಬಂದು ಬೇರೆ ಭಾಷೆಯ ಶಾಲೆ ಸೇರಿದ ಮಗು ಈ ಶಬ್ದಕ್ಕೆ ಹೆದರಬೇಕಾಗಿಲ್ಲ, ತಾಯಿತಂದೆಗಳೂ ಹೆದರಬೇಕಾಗಿಲ್ಲ.

ಆದರೆ ತೊಡಕು ಇರುವುದೂ ಶಬ್ದದಲ್ಲಿಯೇ. ಆಡುವ ಮಾತಿನಲ್ಲಿ ಭಾರ ಎಂಬುದು ಎಷ್ಟೊಂದು ಕೆಲಸ ಮಾಡುತ್ತದೆ ನೋಡಿರಿ. ಹೊರೆ ಭಾರ, ತಲೆ ಭಾರ, ಮನಸ್ಸು ಭಾರ, ಸಾಲದ ಭಾರ. ಕೆಲಸವಿಲ್ಲದೆ ಉಂಡು ತಿರುಗುವವನನ್ನು "ಕೂಳಿಗೆ ದಂಡ, ಭೂಮಿಗೆ ಭಾರ" ಎಂದು ಬಯ್ಯುತ್ತೇವೆ. ಈ ಎಲ್ಲ ಮಾತುಗಳಲ್ಲಿ ಅಡಗಿರುವ ಎಣಿಕೆ ಒಂದೇ: ಭಾರವೆಂಬುದು ವಸ್ತುವಿನ ಒಳಗೇ ಇರುವ ಗುಣ, ಬೆಲ್ಲದೊಳಗೆ ಸಿಹಿ ಇರುವಂತೆ ಚೀಲದೊಳಗೆ ಭಾರವಿದೆ.

ಶಾಸ್ತ್ರವು ಹೇಳುವುದು ಬೇರೆ. ಭಾರವು ವಸ್ತುವೊಂದರದೇ ಅಲ್ಲ, ಎರಡು ವಸ್ತುಗಳ ನಡುವಣ ಸಂಬಂಧದ್ದು. ಚೀಲವೂ ಬೇಕು, ಭೂಮಿಯೂ ಬೇಕು. ಇಬ್ಬರೂ ಒಬ್ಬರನ್ನೊಬ್ಬರು ಸೆಳೆದಾಗ ನಮ್ಮ ಬೆನ್ನಿಗೆ ಅದು ಭಾರವೆಂದು ತಿಳಿಯುತ್ತದೆ. ಈ ಒಂದು ಮಾತು ಮನಸ್ಸಿನಲ್ಲಿ ನಿಂತರೆ ಉಳಿದುದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ನಮ್ಮ ಹಿರಿಯರು ಕಂಡದ್ದು

ಭೂಮಿ ಗುಂಡಗಿದ್ದರೆ ಅದರ ಆಚೆಯ ಬದಿಯಲ್ಲಿರುವವರು ಕೆಳಗೆ ಬೀಳುವುದಿಲ್ಲವೇ? ಈ ಪ್ರಶ್ನೆ ಹಳೆಯದು. ಕ್ರಿ.ಶ. 499ರ ಸುಮಾರಿಗೆ ಆರ್ಯಭಟನು, ಕದಂಬದ ಹೂವಿನ ಗುಂಡಿಯ ಸುತ್ತಲೂ ಎಸಳುಗಳು ಇರುವಂತೆ ಭೂಗೋಲದ ಸುತ್ತಲೂ ಜೀವಿಗಳು ಇವೆ ಎಂದು ಹೋಲಿಸಿ ಹೇಳಿದನು. 1150ರಲ್ಲಿ ಸಿದ್ಧಾಂತ ಶಿರೋಮಣಿಯನ್ನು ಬರೆದ ಭಾಸ್ಕರಾಚಾರ್ಯನು ಇನ್ನೂ ಒಂದು ಹೆಜ್ಜೆ ಮುಂದೆ ಹೋದನು. ಭೂಮಿಗೆ ಸೆಳೆಯುವ ಶಕ್ತಿಯಿದೆ. ಆಕಾಶದಲ್ಲಿರುವ ಭಾರವಾದ ವಸ್ತುವನ್ನು ಅದು ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ನಮಗೆ ಅದು ಬಿದ್ದಂತೆ ಕಾಣುತ್ತದೆ ಎಂಬುದು ಅವನ ಮಾತಿನ ಸಾರ. ಸುತ್ತಲೂ ಆಕಾಶ ಒಂದೇ ಸಮನಾಗಿರುವಾಗ ಭೂಮಿಯೇ ಎಲ್ಲಿಗೆ ಬೀಳಬೇಕು ಎಂದೂ ಅವನು ಕೇಳಿದ್ದಾನೆ. ಸಹ್ಯಾದ್ರಿಯ ಬಳಿಯ ವಿಜ್ಜಡವಿಡ ತನ್ನ ಊರೆಂದು ಅವನೇ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಾಪುರವೇ ಎಂದು ಕೆಲವರು, ಅಲ್ಲ, ಖಾನದೇಶದ ಕಡೆಯದೆಂದು ಕೆಲವರು ವಾದಿಸುತ್ತಾರೆ.

ಇಷ್ಟನ್ನು ಓದಿದೊಡನೆ, "ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು" ಎಂದು ಹೆಮ್ಮೆಪಡುವವರು ಉಂಟು. ಹೆಮ್ಮೆ ಬೇಡವೆಂದು ನಾವು ಹೇಳುವುದಿಲ್ಲ; ಅದು ಅಳತೆ ಮೀರಬಾರದು, ಅಷ್ಟೇ. ಬೀಳುವ ಕಾಯಿಯನ್ನು ಎಳೆಯುವ ಶಕ್ತಿಯೇ ಚಂದ್ರನನ್ನೂ ಹಿಡಿದಿದೆ ಎಂದು ಭಾಸ್ಕರನು ಹೇಳಲಿಲ್ಲ. ಕಾಯಿಯೂ ಭೂಮಿಯನ್ನು ಎಳೆಯುತ್ತದೆ ಎಂದು ಹೇಳಲಿಲ್ಲ. ಎಷ್ಟು ದೂರಕ್ಕೆ ಎಷ್ಟು ಸೆಳೆತ ಎಂಬ ಲೆಕ್ಕವನ್ನೂ ಕೊಡಲಿಲ್ಲ. ಆ ಮೂರು ಮಾತುಗಳಿಗೆ ಇನ್ನೂ ಐದು ನೂರು ವರ್ಷಗಳು ಬೇಕಾದವು.

ಭಾರವಾದದ್ದು ಬೇಗ ಬೀಳುತ್ತದೆಯೇ?

ಇನ್ನು ನಮ್ಮ ಕಾರಕೂನ ಮಿತ್ರರ ಮಾತು. ಭಾರವಾದದ್ದು ಬೇಗ ಬೀಳುತ್ತದೆಂದು ಗ್ರೀಸ್ ದೇಶದ ಅರಿಸ್ಟಾಟಲನೂ ನಂಬಿದ್ದನು. ಅವನ ಮಾತನ್ನು ಯುರೋಪಿನ ಪಂಡಿತರು ಶತಮಾನಗಳ ಕಾಲ ಒಪ್ಪಿಕೊಂಡಿದ್ದರು. ಆದುದರಿಂದ ನಮ್ಮ ಮಿತ್ರರು ನಾಚಬೇಕಾದುದಿಲ್ಲ. ಇಟಲಿಯ ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಈ ನಂಬಿಕೆಯನ್ನು ಬರಿಯ ತರ್ಕದಿಂದಲೇ ಅಲುಗಾಡಿಸಿದನು. ದೊಡ್ಡ ಕಲ್ಲು ಬೇಗ, ಸಣ್ಣ ಕಲ್ಲು ನಿಧಾನ ಬೀಳುತ್ತದೆ ಎಂದಿಟ್ಟುಕೊಳ್ಳೋಣ. ಎರಡನ್ನೂ ಒಂದಕ್ಕೊಂದು ಕಟ್ಟಿ ಬಿಟ್ಟರೆ ಏನಾಗಬೇಕು? ಸಣ್ಣದು ದೊಡ್ಡದನ್ನು ತಡೆಯುವುದರಿಂದ ಜೋಡಿಯು ನಿಧಾನವಾಗಬೇಕು. ಆದರೆ ಎರಡೂ ಸೇರಿದಾಗ ಇನ್ನೂ ಭಾರವಾದುದರಿಂದ ಇನ್ನೂ ಬೇಗ ಬೀಳಬೇಕು! ಒಂದೇ ಜೋಡಿ ನಿಧಾನವಾಗಿಯೂ ಬೇಗನೆಯೂ ಬೀಳಲಾರದು. ಹಾಗಾದರೆ ಮೊದಲಿನ ನಂಬಿಕೆಯೇ ತಪ್ಪು.

ತರ್ಕ ಬೇಡವೆನ್ನುವವರು ಕೈಯಿಂದಲೇ ಮಾಡಿ ನೋಡಬಹುದು. ಒಂದು ಪುಸ್ತಕವನ್ನೂ ಅದಕ್ಕಿಂತ ಸಣ್ಣದಾದ ಕಾಗದದ ಚೂರನ್ನೂ ಬೇರೆ ಬೇರೆಯಾಗಿ ಬಿಡಿರಿ; ಕಾಗದ ತೇಲಾಡುತ್ತ ಹಿಂದುಳಿಯುತ್ತದೆ. ಈಗ ಕಾಗದವನ್ನು ಪುಸ್ತಕದ ಮೇಲೆ ಇಟ್ಟು ಎರಡನ್ನೂ ಕೂಡಿಯೇ ಬಿಡಿರಿ. ಪುಸ್ತಕದ ಬೆನ್ನು ಬಿಡದೆ ಕಾಗದವೂ ಇಳಿದು ಬರುತ್ತದೆ. ಅಂದರೆ ಕಾಗದವನ್ನು ತಡೆದದ್ದು ಅದರ ಹಗುರತನವಲ್ಲ, ಗಾಳಿ. 1971ರ ಆಗಸ್ಟ್ 2ರಂದು ಅಪೋಲೋ 15ರ ಗಗನಯಾತ್ರಿ ಡೇವಿಡ್ ಸ್ಕಾಟ್ ಗಾಳಿಯಿಲ್ಲದ ಚಂದ್ರನ ಮೇಲೆ ನಿಂತು ಒಂದು ಸುತ್ತಿಗೆಯನ್ನೂ ಒಂದು ಡೇಗೆಯ ಗರಿಯನ್ನೂ ಒಟ್ಟಿಗೆ ಕೈಬಿಟ್ಟರು. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಆದರೂ ಮನಸ್ಸು ಒಪ್ಪುವುದಿಲ್ಲ. ದೊಡ್ಡ ಕಲ್ಲನ್ನು ಭೂಮಿ ಹೆಚ್ಚು ಎಳೆಯುತ್ತದೆ ಎಂಬುದು ದಿಟ. ಹಾಗಿದ್ದರೆ ಅದು ಏಕೆ ಬೇಗ ಬೀಳುವುದಿಲ್ಲ? ಕೈಗಾಡಿ ತಳ್ಳಿದವರಿಗೆ ಉತ್ತರ ಗೊತ್ತಿದೆ. ಅರ್ಧ ಹೇರಿದ ಗಾಡಿಯನ್ನು ಒಬ್ಬನು ತಳ್ಳುತ್ತಾನೆ; ಪೂರ್ತಿ ಹೇರಿದ ಗಾಡಿಯನ್ನು ಇಬ್ಬರು ತಳ್ಳುತ್ತಾರೆ. ಎರಡು ಗಾಡಿಗಳೂ ಒಂದೇ ಸಮನೆ ವೇಗ ಹಿಡಿಯುತ್ತವೆ. ದೊಡ್ಡ ಕಲ್ಲಿಗೆ ಎಳೆತ ಇಮ್ಮಡಿಯಾದರೆ ಕದಲಲು ಅದು ತೋರುವ ಮೊಂಡುತನವೂ ಇಮ್ಮಡಿ. ಈ ಮೊಂಡುತನಕ್ಕೆ ಶಾಸ್ತ್ರದಲ್ಲಿ ಜಡತ್ವ ಎಂದು ಹೆಸರು. ಒಂದು ಇನ್ನೊಂದನ್ನು ಸರಿದೂಗಿಸುವುದರಿಂದ ಎಲ್ಲವೂ ಒಂದೇ ಸಮನೆ ಬೀಳುತ್ತವೆ.

ಚಂದ್ರನೂ ಬೀಳುತ್ತಿದ್ದಾನೆ

1665ರಲ್ಲಿ ಇಂಗ್ಲೆಂಡಿನಲ್ಲಿ ಪ್ಲೇಗು ಹಬ್ಬಿ ಕೇಂಬ್ರಿಜ್ ವಿಶ್ವವಿದ್ಯಾಲಯ ಮುಚ್ಚಿತು. ಐಸಾಕ್ ನ್ಯೂಟನ್ ಎಂಬ ವಿದ್ಯಾರ್ಥಿ ವುಲ್ಸ್‌ತೋರ್ಪ್ ಎಂಬ ತನ್ನ ಹಳ್ಳಿಗೆ ಮರಳಿದನು. ಸೇಬು ಅವನ ತಲೆಯ ಮೇಲೆ ಬಿತ್ತೆಂಬುದು ಕಟ್ಟುಕತೆ. ತೋಟದಲ್ಲಿ ಸೇಬು ಬೀಳುವುದನ್ನು ಕಂಡು ಯೋಚನೆ ಹತ್ತಿತೆಂದು ಮುದುಕನಾದ ಮೇಲೆ, 1726ರಲ್ಲಿ, ಅವನೇ ತನ್ನ ಸ್ನೇಹಿತ ಸ್ಟೂಕ್ಲಿಗೆ ಹೇಳಿದ್ದು ಮಾತ್ರ ದಾಖಲೆಯಲ್ಲಿದೆ. ಸೇಬು ಬೀಳುವುದನ್ನು ಎಲ್ಲರೂ ಕಂಡಿದ್ದರು. ಸೇಬನ್ನು ಎಳೆಯುವ ಕೈ ಚಂದ್ರನವರೆಗೂ ಚಾಚಿದೆಯೇ ಎಂದು ಕೇಳಿದ್ದು ಅವನ ಹಿರಿಮೆ.

ಲೆಕ್ಕ ಸರಳವಾದದ್ದೇ, ನಾವೂ ಮಾಡಬಹುದು. ಭೂಮಿಯ ಮೇಲೆ ಕೈಬಿಟ್ಟ ವಸ್ತು ಮೊದಲ ಸೆಕೆಂಡಿನಲ್ಲಿ 4.9 ಮೀಟರ್ ಬೀಳುತ್ತದೆ. ಭೂಮಿಯ ನಡುಬಿಂದುವಿನಿಂದ ನಮಗಿರುವ ದೂರದ 60 ಪಟ್ಟು ದೂರದಲ್ಲಿ ಚಂದ್ರನಿದ್ದಾನೆ. ದೂರ ಇಮ್ಮಡಿಯಾದರೆ ಸೆಳೆತ ನಾಲ್ಕರಲ್ಲಿ ಒಂದು ಪಾಲು, ಮುಮ್ಮಡಿಯಾದರೆ ಒಂಬತ್ತರಲ್ಲಿ ಒಂದು ಪಾಲು ಎಂದಾದರೆ, 60 ಪಟ್ಟಿಗೆ 3600ರಲ್ಲಿ ಒಂದು ಪಾಲು. 4.9 ಮೀಟರನ್ನು 3600ರಿಂದ ಭಾಗಿಸಿದರೆ ಸುಮಾರು 1.4 ಮಿಲಿಮೀಟರ್ ಬರುತ್ತದೆ. ಚಂದ್ರನ ದಾರಿಯನ್ನು ಅಳೆದು ನೋಡಿದರೆ, ಅವನು ಒಂದು ಸೆಕೆಂಡಿನಲ್ಲಿ ಸುಮಾರು ಒಂದು ಕಿಲೋಮೀಟರ್ ಅಡ್ಡಕ್ಕೆ ಸಾಗುತ್ತಾನೆ. ಅಷ್ಟರಲ್ಲಿ ನೇರ ದಾರಿಯಿಂದ ಭೂಮಿಯ ಕಡೆಗೆ ಬಾಗುವುದು ಅದೇ 1.4 ಮಿಲಿಮೀಟರ್! ಚಂದ್ರನು ಬೀಳದೆ ನಿಂತಿಲ್ಲ. ಎಡೆಬಿಡದೆ ಬೀಳುತ್ತಲೇ ಇದ್ದಾನೆ. ಅಡ್ಡಕ್ಕೆ ಓಡುತ್ತಿರುವುದರಿಂದ ನೆಲವನ್ನು ಮುಟ್ಟುವುದಿಲ್ಲ, ಅಷ್ಟೇ.

1687ರಲ್ಲಿ ನ್ಯೂಟನ್ ಪ್ರಿನ್ಸಿಪಿಯಾ ಎಂಬ ಮಹಾಗ್ರಂಥದಲ್ಲಿ ಈ ನಿಯಮವನ್ನು ಲೋಕದ ಮುಂದೆ ಇಟ್ಟನು. ಜಗತ್ತಿನ ಪ್ರತಿಯೊಂದು ದ್ರವ್ಯಕಣವೂ ಇನ್ನೊಂದನ್ನು ಸೆಳೆಯುತ್ತದೆ. ದ್ರವ್ಯ ಹೆಚ್ಚಿದಷ್ಟೂ ಸೆಳೆತ ಹೆಚ್ಚು, ದೂರ ಹೆಚ್ಚಿದಷ್ಟೂ ಮೇಲೆ ಹೇಳಿದ ಲೆಕ್ಕದಲ್ಲಿ ಕಡಿಮೆ.

ಇಲ್ಲಿ ಆಕರ್ಷಣ ಎಂಬ ಶಬ್ದದಿಂದ ಮೋಸಹೋಗಬಾರದು. ಆಡುವ ಮಾತಿನಲ್ಲಿ ಆಕರ್ಷಣವೆಂದರೆ ಒಲವು, ಮೋಹ, ಅದು ಆರಿಸಿಕೊಳ್ಳುತ್ತದೆ. ಅಯಸ್ಕಾಂತವೂ ಕಬ್ಬಿಣವನ್ನು ಆರಿಸುತ್ತದೆ, ಹಿತ್ತಾಳೆಯನ್ನು ಬಿಡುತ್ತದೆ. ಗುರುತ್ವಕ್ಕೆ ಇಂಥ ಪಕ್ಷಪಾತವಿಲ್ಲ. ಚಿನ್ನ, ಸಗಣಿ, ನೀರು, ಗಾಳಿ ಎಲ್ಲವನ್ನೂ ಸೆಳೆಯುತ್ತದೆ. ಲೋಕಲ್ ಗಾಡಿಯಲ್ಲಿ ಪಕ್ಕದಲ್ಲಿ ನಿಂತ ಅಪರಿಚಿತನೂ ನಮ್ಮನ್ನು ಸೆಳೆಯುತ್ತಾನೆ, ನಾವು ಅವನನ್ನು ಸೆಳೆಯುತ್ತೇವೆ. ಎಷ್ಟೆಂದರೆ, 60 ಕಿಲೋ ತೂಕದ ಇಬ್ಬರು ಒಂದು ಮೀಟರ್ ಅಂತರದಲ್ಲಿದ್ದರೆ ಅವರ ನಡುವಣ ಸೆಳೆತ ಒಂದು ಅಕ್ಕಿಕಾಳಿನ ತೂಕದ ಸುಮಾರು ಸಾವಿರದಲ್ಲಿ ಒಂದು ಪಾಲು! ಇಂಥ ಅಲ್ಪ ಸೆಳೆತವನ್ನೂ ಅಳೆಯಬಹುದೆಂದು 1798ರಲ್ಲಿ ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ತೋರಿಸಿದನು. ತೆಳುವಾದ ತಂತಿಗೆ ತೂಗಿಬಿಟ್ಟ ದಂಡದ ತುದಿಗಳಲ್ಲಿದ್ದ ಸಣ್ಣ ಸೀಸದ ಗುಂಡುಗಳನ್ನು, ಒಂದೊಂದೂ 158 ಕಿಲೋ ತೂಗುವ ದೊಡ್ಡ ಸೀಸದ ಗುಂಡುಗಳು ತಮ್ಮ ಕಡೆಗೆ ಎಳೆದವು. ಅದರಿಂದ ಭೂಮಿಯು ನೀರಿಗಿಂತ ಸುಮಾರು ಐದೂವರೆ ಪಟ್ಟು ದಟ್ಟವಾಗಿದೆ ಎಂಬ ಲೆಕ್ಕ ಸಿಕ್ಕಿತು. ಕೋಣೆಯಲ್ಲಿ ಕುಳಿತೇ ಅವನು ಭೂಮಿಯನ್ನು ತೂಗಿದನೆಂದು ಹೇಳುವುದುಂಟು.

ಸೆಳೆತ ಪರಸ್ಪರವಾದದ್ದೆಂಬುದನ್ನು ಮರೆಯಬಾರದು. ಭೂಮಿ ಚೀಲವನ್ನು ಎಷ್ಟು ಬಲದಿಂದ ಸೆಳೆಯುತ್ತದೆಯೋ ಚೀಲವೂ ಭೂಮಿಯನ್ನು ಅಷ್ಟೇ ಬಲದಿಂದ ಸೆಳೆಯುತ್ತದೆ. ಭೂಮಿ ಅತಿ ದೊಡ್ಡದಾದುದರಿಂದ ಕದಲಿದ್ದು ತಿಳಿಯುವುದಿಲ್ಲ. ಆದುದರಿಂದ ಯಾರನ್ನಾದರೂ ಭೂಮಿಗೆ ಭಾರವೆಂದು ಬಯ್ಯುವ ಮೊದಲು ಯೋಚಿಸಬೇಕು. ಶಾಸ್ತ್ರದ ಪ್ರಕಾರ ಭೂಮಿಯೂ ಅವನನ್ನು ಬಿಡಲು ಸಿದ್ಧವಿಲ್ಲ.

ತೂಕ ಬೇರೆ, ದ್ರವ್ಯರಾಶಿ ಬೇರೆ

ಭಾರವು ಸಂಬಂಧವೆಂದ ಮೇಲೆ, ಸಂಬಂಧ ಬದಲಾದರೆ ಭಾರವೂ ಬದಲಾಗಬೇಕು. ಬದಲಾಗುತ್ತದೆ. ಇಲ್ಲಿ 60 ಕಿಲೋ ತೂಗುವವನು ಚಂದ್ರನ ಮೇಲೆ ಸ್ಪ್ರಿಂಗ್ ತಕ್ಕಡಿಯ ಮೇಲೆ ನಿಂತರೆ ಮುಳ್ಳು 10 ಕಿಲೋ ತೋರಿಸುತ್ತದೆ. ಚಂದ್ರನ ಸೆಳೆತ ಇಲ್ಲಿಯದರ ಆರನೆಯ ಒಂದು ಪಾಲು. ಹಾಗೆಂದು ಅವನು ಬಡಕಲಾದನೇ? ಇಲ್ಲ. ಅವನ ಮೈಯೊಳಗಿನ ದ್ರವ್ಯ ಇದ್ದಷ್ಟೇ ಇದೆ. ಬದಲಾಗದ ಈ ಮೊತ್ತಕ್ಕೆ ಶಾಸ್ತ್ರವು ದ್ರವ್ಯರಾಶಿ ಎನ್ನುತ್ತದೆ. ಅದರ ಮೇಲೆ ಬೀಳುವ ಸೆಳೆತಕ್ಕೆ ಮಾತ್ರ ತೂಕ ಎನ್ನುತ್ತದೆ. ನಮ್ಮ ಆಡುಮಾತು ಎರಡನ್ನೂ ತೂಕವೆಂದೇ ಕರೆಯುವುದರಿಂದ ವಿದ್ಯಾರ್ಥಿಗಳು ಇಲ್ಲಿ ಮುಗ್ಗರಿಸುತ್ತಾರೆ.

ಸಂತೆಯ ಎರಡು ತಟ್ಟೆಯ ತಕ್ಕಡಿಯನ್ನು ನೆನೆಯಿರಿ. ಒಂದು ತಟ್ಟೆಯಲ್ಲಿ ತೂಕದ ಕಲ್ಲು, ಇನ್ನೊಂದರಲ್ಲಿ ಈರುಳ್ಳಿ. ಇದನ್ನು ಚಂದ್ರನಿಗೆ ಒಯ್ದರೆ ಈರುಳ್ಳಿಯಷ್ಟೇ ಕಲ್ಲೂ ಹಗುರವಾಗುತ್ತದೆ. ತಕ್ಕಡಿ ಸಮವಾಗಿಯೇ ನಿಲ್ಲುತ್ತದೆ. ಒಂದು ಕಿಲೋ ಒಂದು ಕಿಲೋ ಆಗಿಯೇ ಉಳಿಯುತ್ತದೆ. ಸ್ಪ್ರಿಂಗ್ ತಕ್ಕಡಿ ಸೆಳೆತವನ್ನು ಅಳೆಯುತ್ತದೆ; ಎರಡು ತಟ್ಟೆಯ ತಕ್ಕಡಿ ದ್ರವ್ಯವನ್ನು ದ್ರವ್ಯದೊಡನೆ ಹೋಲಿಸುತ್ತದೆ. ನಮ್ಮ ಅಜ್ಜಂದಿರ ತಕ್ಕಡಿ, ಅವರಿಗೆ ತಿಳಿಯದೆಯೇ, ಶಾಸ್ತ್ರದ ಪಕ್ಷದಲ್ಲಿತ್ತು.

ಒಬ್ಬ ಗುಮಾಸ್ತನ ಯೋಚನೆ

1984ರ ಏಪ್ರಿಲಿನಲ್ಲಿ ರಾಕೇಶ ಶರ್ಮಾ, 2025ರಲ್ಲಿ ಶುಭಾಂಶು ಶುಕ್ಲಾ ಅಂತರಿಕ್ಷದ ನಿಲ್ದಾಣಗಳಲ್ಲಿ ತೇಲಾಡಿದ ಚಿತ್ರಗಳನ್ನು ನಮ್ಮ ವಾಚಕರು ನೋಡಿದ್ದಾರೆ. "ಮೇಲೆ ಗುರುತ್ವಾಕರ್ಷಣ ಇಲ್ಲ, ಅದಕ್ಕೆ ತೇಲುತ್ತಾರೆ" ಎಂದು ಸಾಮಾನ್ಯವಾಗಿ ಹೇಳುತ್ತೇವೆ. ಇದು ತಪ್ಪು. ಅಂತರರಾಷ್ಟ್ರೀಯ ನಿಲ್ದಾಣ ಹಾರುವ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಸೆಳೆತ ಇಲ್ಲಿಯದರ ನೂರಕ್ಕೆ ಸುಮಾರು 90 ಪಾಲು ಇದ್ದೇ ಇದೆ. ಅದಿಲ್ಲದಿದ್ದರೆ ನಿಲ್ದಾಣ ಭೂಮಿಯನ್ನು ಸುತ್ತುತ್ತಲೇ ಇರಲಿಲ್ಲ. ಚಂದ್ರನಂತೆ ನಿಲ್ದಾಣವೂ ಬೀಳುತ್ತಿದೆ, ಒಳಗಿರುವ ಮನುಷ್ಯನೂ ಅದರೊಡನೆ ಬೀಳುತ್ತಿದ್ದಾನೆ. ಕಾಲ ಕೆಳಗಿನ ನೆಲವೂ ತನ್ನೊಡನೆಯೇ ಬೀಳುತ್ತಿದ್ದರೆ ಅದನ್ನು ಒತ್ತುವುದು ಹೇಗೆ?

ಮನೆಯಲ್ಲಿಯೇ ಇದನ್ನು ನೋಡಬಹುದು. ಹಳೆಯ ಡಬ್ಬಿಯ ಬುಡದ ಬಳಿ ಒಂದು ತೂತು ಕೊರೆದು, ಬೆರಳಿಂದ ಮುಚ್ಚಿ ನೀರು ತುಂಬಿರಿ. ಬೆರಳು ತೆಗೆದರೆ ನೀರು ಚಿಮ್ಮುತ್ತದೆ. ಚಿಮ್ಮುತ್ತಿರುವಾಗಲೇ ಡಬ್ಬಿಯನ್ನು ಕೈಬಿಡಿರಿ. ಬೀಳುವಷ್ಟು ಹೊತ್ತು ಚಿಮ್ಮುವುದು ನಿಂತುಬಿಡುತ್ತದೆ! ಡಬ್ಬಿಯೂ ನೀರೂ ಒಂದೇ ಸಮನೆ ಬೀಳುವುದರಿಂದ ನೀರು ತನ್ನ ತೂಕವನ್ನು ಡಬ್ಬಿಯ ಮೇಲೆ ಹಾಕುವುದಿಲ್ಲ. ಪ್ರಯೋಗವನ್ನು ಅಂಗಳದಲ್ಲಿ ಮಾಡಬೇಕು. ಚಾಳಿನ ಮೇಲಿನ ಮಾಳಿಗೆಯಿಂದ ಖಂಡಿತ ಬೇಡ.

1907ರಲ್ಲಿ ಸ್ವಿಟ್ಜರ್ಲೆಂಡಿನ ಬರ್ನ್ ನಗರದ ಪೇಟೆಂಟು ಕಚೇರಿಯಲ್ಲಿ ಆಲ್ಬರ್ಟ್ ಐನ್‌ಸ್ಟೈನ್ ಎಂಬ 28 ವರ್ಷದ ನೌಕರನು ಕುಳಿತಿದ್ದನು. ಹೊಸ ಯಂತ್ರಗಳ ಅರ್ಜಿಗಳನ್ನು ತಪಾಸಣೆ ಮಾಡುವುದು ಅವನ ಕೆಲಸ. 1902ರಿಂದ 1909ರವರೆಗೆ ಅವನು ಅಲ್ಲಿ ದುಡಿದನು. ಬೀಳುತ್ತಿರುವ ಮನುಷ್ಯನಿಗೆ ತನ್ನ ತೂಕವೇ ತಿಳಿಯುವುದಿಲ್ಲ ಎಂಬ ಯೋಚನೆ ಆ ಕುರ್ಚಿಯಲ್ಲಿ ಕುಳಿತಿದ್ದಾಗ ತಟ್ಟನೆ ಹೊಳೆಯಿತೆಂದು ಮುಂದೆ ಅವನೇ ಹೇಳಿದ್ದಾನೆ. ಎಂಟು ವರ್ಷ ಆ ಎಳೆಯನ್ನು ಬಿಡದೆ ಹಿಡಿದು 1915ರಲ್ಲಿ ಹೊಸ ಸಿದ್ಧಾಂತವನ್ನು ಕೊಟ್ಟನು. ಗುರುತ್ವವು ದೂರದಿಂದ ಚಾಚುವ ಕೈಯಲ್ಲ. ದ್ರವ್ಯವಿದ್ದ ಕಡೆ ದೇಶಕಾಲಗಳೇ ಬಾಗುತ್ತವೆ, ವಸ್ತುಗಳು ಆ ಬಾಗಿನ ದಾರಿ ಹಿಡಿದು ಸಾಗುತ್ತವೆ ಎಂಬುದು ಅದರ ಸಾರ. ಸೂರ್ಯನ ಪಕ್ಕದಲ್ಲಿ ಹಾದುಬರುವ ನಕ್ಷತ್ರದ ಬೆಳಕು ಬಾಗುತ್ತದೆಂದು 1919ರ ಮೇ 29ರ ಗ್ರಹಣದಲ್ಲಿ ಕಂಡುಬಂತು. ಆ ಬಾಗಿನಲ್ಲಿ ಅಲೆಗಳೂ ಏಳುತ್ತವೆಂದು 2015ರ ಸೆಪ್ಟೆಂಬರ್ 14ರಂದು ಅಮೆರಿಕದಲ್ಲಿ ಯಂತ್ರಗಳು ದಾಖಲಿಸಿದವು. ಅಂಥದೇ ಯಂತ್ರವನ್ನು ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಕಟ್ಟಲು 2023ರಲ್ಲಿ ಭಾರತ ಸರ್ಕಾರ ಒಪ್ಪಿಗೆ ಕೊಟ್ಟಿದೆ. ಕಡತಗಳ ನಡುವೆ ದಿನ ಕಳೆಯುವ ನಮ್ಮ ಮಿತ್ರರು ಆ ಬರ್ನ್ ಕಚೇರಿಯ ನೌಕರನನ್ನು ಆಗಾಗ ನೆನೆಯುವುದು ಒಳ್ಳೆಯದು.

ನಮ್ಮ ದಿನದ ಬಾಳಿನಲ್ಲಿ

ಇದೆಲ್ಲ ದೂರದ ಆಕಾಶದ ಮಾತೆಂದು ತಿಳಿಯಬಾರದು. ಮುಂಬಯಿಯಲ್ಲಿರುವವರಿಗೆ ಸಮುದ್ರವೇ ಸಾಕ್ಷಿ. ಚಂದ್ರನು ತನ್ನ ಕಡೆಗಿರುವ ನೀರನ್ನು ಹೆಚ್ಚಾಗಿಯೂ ಆಚೆಯ ಬದಿಯ ನೀರನ್ನು ಕಡಿಮೆಯಾಗಿಯೂ ಸೆಳೆಯುತ್ತಾನೆ. ಆ ವ್ಯತ್ಯಾಸದಿಂದ ಎರಡೂ ಬದಿಗೆ ನೀರು ಉಬ್ಬುತ್ತದೆ. ಆದುದರಿಂದಲೇ ಇಲ್ಲಿ ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಅಮಾವಾಸ್ಯೆ ಹುಣ್ಣಿಮೆಗಳ ಹೊತ್ತಿಗೆ ಸೂರ್ಯನ ಸೆಳೆತವೂ ಕೂಡಿಕೊಂಡು ಭರತ ಇನ್ನೂ ದೊಡ್ಡದಾಗುತ್ತದೆ. ನಗರದ ಮೋರಿಗಳ ನೀರು ಇಳಿಜಾರನ್ನು ಹಿಡಿದು ಸಮುದ್ರ ಸೇರುವುದು ಭೂಮಿಯ ಸೆಳೆತದಿಂದ. ಸಮುದ್ರವೇ ಎದ್ದು ನಿಂತರೆ ಆ ನೀರು ಎಲ್ಲಿಗೆ ಹೋಗಬೇಕು? 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿಯಿತು. ಅದೇ ದಿನ ಭರತವೂ ದೊಡ್ಡದಾಗಿತ್ತು. ಅಂದು ರಾತ್ರಿಯೆಲ್ಲ ಸೊಂಟಮಟ್ಟದ ನೀರಿನಲ್ಲಿ ನಡೆದು ಮನೆ ಸೇರಿದವರು ಈ ನಗರದಲ್ಲಿ ಲೆಕ್ಕವಿಲ್ಲದಷ್ಟು ಜನ. ಮಳೆಗಾಲದಲ್ಲಿ ಪತ್ರಿಕೆಯ ಮೂಲೆಯಲ್ಲಿ ಅಚ್ಚಾಗುವ ಭರತದ ವೇಳೆಯನ್ನು ನೋಡಿಕೊಂಡು ಹೊರಡುವುದು ಜಾಣತನ.

ಹೊರೆ ಹೊರುವವರಿಗೂ ಎರಡು ಮಾತು. ಪ್ರತಿಯೊಂದು ವಸ್ತುವಿಗೂ ಅದರ ಭಾರವೆಲ್ಲ ಒಂದೆಡೆ ಕೂಡಿದಂತಿರುವ ಬಿಂದುವೊಂದಿದೆ. ಅದಕ್ಕೆ ಗುರುತ್ವ ಕೇಂದ್ರ ಎನ್ನುತ್ತಾರೆ. ಆ ಬಿಂದು ನಮ್ಮ ಪಾದಗಳ ನೇರಕ್ಕೆ ಬಂದರೆ ಹೊರೆ ಸಲೀಸು. ಮುಂದಕ್ಕೆ ಸರಿದಷ್ಟೂ ಸೊಂಟದ ಮೇಲೆ ಎಳೆತ ಹೆಚ್ಚು. ನಮ್ಮ ತಾಯಂದಿರು ಕೊಡವನ್ನು ತಲೆಯ ಮೇಲೋ ಸೊಂಟಕ್ಕೆ ಒತ್ತಿಯೋ ಹೊರುವುದರ ಗುಟ್ಟು ಇದೇ. ಚೀಲವನ್ನು ಎತ್ತುವಾಗ ಮೊಣಕಾಲು ಮಡಿಸಿ, ಚೀಲವನ್ನು ಮೈಗೆ ತಾಗಿಸಿಕೊಂಡು ಏಳಬೇಕು. ಬೆನ್ನು ಬಾಗಿಸಿ, ಕೈ ಚಾಚಿ ಎತ್ತಬಾರದು. ಒಬ್ಬ ಪ್ರಾಯದ ಗಂಡಾಳಿನ ಹೊರೆ 55 ಕಿಲೋ ಮೀರಿದ್ದರೆ ಬೇಗನೆ ಅಷ್ಟಕ್ಕೆ ಇಳಿಸಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು 1967ರಲ್ಲಿಯೇ ಶಿಫಾರಸು ಮಾಡಿದೆ. ಇದು ಹೊರುವವರಿಗೂ ಹೊರಿಸುವವರಿಗೂ ತಿಳಿದಿರಬೇಕಾದ ಅಂಕಿ.

ಕೊನೆಗೆ ಆ ನಟ್ಟಿನ ಮಾತಿಗೆ ಬರೋಣ. ಆರನೆಯ ಮಾಳಿಗೆಯೆಂದರೆ ಸುಮಾರು 20 ಮೀಟರ್ ಎತ್ತರ. ಅಲ್ಲಿಂದ ಜಾರಿದ ನಟ್ಟು ನೆಲ ಮುಟ್ಟಲು ಬೇಕಾದದ್ದು ಎರಡೇ ಸೆಕೆಂಡು. "ಹುಷಾರ್" ಎಂದು ಕೂಗಿ, ಕೂಗಿದ್ದು ಕೇಳಿಸಿ, ಕೆಳಗಿನವನು ಪಕ್ಕಕ್ಕೆ ಸರಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಕೆಳಗೆ ಬಂದಾಗ ಅದರ ವೇಗ ತಾಸಿಗೆ ಸುಮಾರು 70 ಕಿಲೋಮೀಟರ್. ನಟ್ಟು 100 ಗ್ರಾಂ ಇದ್ದರೂ ಸಾಕು, ಎರಡು ಕಿಲೋ ತೂಕದ ಕಲ್ಲನ್ನು ಒಂದು ಮೀಟರ್ ಎತ್ತರದಿಂದ ತಲೆಯ ಮೇಲೆ ಬಿಟ್ಟಾಗ ಎಷ್ಟು ಶಕ್ತಿಯೋ ಅಷ್ಟೇ ಶಕ್ತಿ ಅದರಲ್ಲಿ ಕೂಡಿರುತ್ತದೆ. ಸಣ್ಣದೆಂದು ಅದು ಮೆಲ್ಲಗೆ ಬೀಳುವುದಿಲ್ಲ. ಮುಕಾದಮನು ನಟ್ಟಿನ ತೂಕವನ್ನು ಮಾತ್ರ ನೋಡಿದನು; ನಟ್ಟಿಗೂ ನೆಲಕ್ಕೂ ನಡುವೆ ಇದ್ದ 20 ಮೀಟರನ್ನು ನೋಡಲಿಲ್ಲ. ಆಡುವ ಮಾತಿನ ಭಾರಕ್ಕೂ ಶಾಸ್ತ್ರದ ಭಾರಕ್ಕೂ ಇರುವ ಅಂತರ ಇಷ್ಟೇ. ಅಷ್ಟರಲ್ಲಿ ಒಬ್ಬ ಹುಡುಗನ ಹೆಗಲು ಮುರಿಯಿತು.

ಆದುದರಿಂದ ಕಟ್ಟಡದ ಕೆಲಸಕ್ಕೆ ಹೋಗುವ ಮಿತ್ರರಲ್ಲಿ ನಮ್ಮ ಬಿನ್ನಹ: ಸೆಕೆಯೆಂದು ಹೆಲ್ಮೆಟನ್ನು ಪಕ್ಕಕ್ಕೆ ಇಡಬೇಡಿರಿ. ಸಾರವೆಯ ಕೆಳಗೆ ನಿಂತು ಊಟ ಬಿಚ್ಚಬೇಡಿರಿ. ಮೇಲೆ ಕೆಲಸ ಮಾಡುವವರು ನಟ್ಟು, ಇಕ್ಕಳಗಳನ್ನು ಹಲಗೆಯ ಅಂಚಿನಲ್ಲಿ ಇಡದೆ ಚೀಲದಲ್ಲಿ ಹಾಕಿ ಕಟ್ಟಿಕೊಳ್ಳಿರಿ. ಹೆಲ್ಮೆಟ್ ಮತ್ತು ಕೆಳಗೆ ಬಲೆ ಕೊಡಿರೆಂದು ಕೇಳುವುದಕ್ಕೆ ಸಂಕೋಚಪಡಬೇಡಿರಿ.

ನಮ್ಮ ಸದಸ್ಯರು ಕೇಳಿದ ಪ್ರಶ್ನೆಗೂ ಉತ್ತರ ಬಾಕಿಯಿದೆ. ನಿಮ್ಮ ಚೀಲದ ಭಾರ ಸುಳ್ಳಲ್ಲ. ಅದು ಭೂಮಿಗೂ ಚೀಲಕ್ಕೂ ಇರುವ ಸೆಳೆತ. ಅವೆರಡರ ನಡುವೆ ನೀವು ನಿಂತಿದ್ದೀರಿ, ಆದುದರಿಂದ ಅದು ನಿಮ್ಮ ಬೆನ್ನಿಗೆ ತಿಳಿಯುತ್ತದೆ. ಹುಡುಗನ ಮೂಳೆ ಕೂಡುತ್ತಿದೆಯಂತೆ. ಬರುವ ಭಾನುವಾರ ಅವನನ್ನೂ ಕರೆತರಬೇಕೆಂದು ಹೇಳಿದ್ದೇವೆ. ತೂತಿನ ಡಬ್ಬಿಯ ಪ್ರಯೋಗವನ್ನು ವಾಚನಾಲಯದ ಅಂಗಳದಲ್ಲಿಯೇ ಮಾಡಿ ತೋರಿಸುತ್ತೇವೆ.